ಹದಿನಾಲ್ಕು ಜನ, ಒಂದು ದಿನ, ವಲೆಟ್ಟಾ: ಏರು ಹತ್ತದೆ ಊರು ನೋಡುವುದು ಹೇಗೆ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ನಾವು ಮೂರು ಮನೆಯವರು ಸೇರಿ ಹದಿನಾಲ್ಕು ಜನ ಮೈಸೂರಿನಿಂದ ಮಾಲ್ಟಾ ದ್ವೀಪಕ್ಕೆ ಹೊರಟಿದ್ದೇವೆ. ನಮ್ಮ ಅತ್ತೆಗೆ 72 ವರ್ಷ, ಮೊಣಕಾಲು ನೋವಿದೆ. ಇಬ್ಬರು ಮಕ್ಕಳಿದ್ದಾರೆ. ತಂಡದಲ್ಲಿ ಇಬ್ಬರು ಡಾಕ್ಟರ್‌ಗಳು. ಹೆಚ್ಚಿನವರು ಸಸ್ಯಾಹಾರಿಗಳು. ರಾಜಧಾನಿ ವಲೆಟ್ಟಾಕ್ಕೆ ಒಂದು ಇಡೀ ದಿನ ಇಟ್ಟಿದ್ದೇವೆ. ‘ಪುಟ್ಟ ಊರು, ಎರಡು ಗಂಟೆ ಸಾಕು, ಉಳಿದ ಹೊತ್ತಲ್ಲಿ ಅಲ್ಲಿಯ ಇನ್ನೊಂದು ಹಳೆಯ ಊರು ಮ್ದಿನಾ ನೋಡಿ’ ಅಂತ ಹೋಗಿ ಬಂದವರು ಹೇಳುತ್ತಾರೆ. ಗೈಡ್ ಬೇಕಾ? ಎಲ್ಲರೂ ಒಟ್ಟಿಗೆ ಹೇಗೆ ಸುತ್ತುವುದು? ಏನು ನೋಡಬೇಕು, ಏನು ಬಿಡಬೇಕು?

ಉತ್ತರ: ಎರಡು ಗಂಟೆ ಸಾಕು ಅಂದವರು ಸುಳ್ಳು ಹೇಳಿಲ್ಲ. ವಲೆಟ್ಟಾದ ಉದ್ದ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಅಗಲ ಸುಮಾರು ಆರುನೂರು ಮೀಟರ್. ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷದ ನಡಿಗೆ. ಆದರೆ ಇದು ನಕ್ಷೆಯ ಲೆಕ್ಕ. ನಕ್ಷೆಯಲ್ಲಿ ಏರು ಕಾಣುವುದಿಲ್ಲ.

ನೀವು ಮೈಸೂರಿನವರು, ಆನೆ ನಿಮಗೆ ಚೆನ್ನಾಗಿ ಗೊತ್ತು. ಸಮುದ್ರಕ್ಕೆ ಸೊಂಡಿಲು ಇಳಿಬಿಟ್ಟು ನೀರು ಕುಡಿಯುತ್ತಿರುವ ಒಂದು ಆನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ವಲೆಟ್ಟಾ ಅಂದರೆ ಅದೇ. ಊರಿನ ಹೆಬ್ಬಾಗಿಲು ಇರುವುದು ಆನೆಯ ಸೊಂಟದ ಹತ್ತಿರ. ಅಲ್ಲಿಂದ ರಿಪಬ್ಲಿಕ್ ಸ್ಟ್ರೀಟ್ ಅನ್ನುವ ದೊಡ್ಡ ಬೀದಿ ನೇರವಾಗಿ ಬೆನ್ನ ಮೇಲೆ ಹೋಗುತ್ತದೆ. ಅರ್ಧ ದಾರಿ ಹೆಚ್ಚುಕಡಿಮೆ ಸಮತಟ್ಟು. ಆಮೇಲೆ ತಲೆ, ಸೊಂಡಿಲು ಅಂತ ಇಳಿಯುತ್ತಾ ಹೋಗಿ, ಸಮುದ್ರದ ತುದಿಯಲ್ಲಿ ಸೇಂಟ್ ಎಲ್ಮೋ ಕೋಟೆ ಸಿಗುತ್ತದೆ. ಬೆನ್ನಿನ ಎರಡೂ ಪಕ್ಕೆಗಳಲ್ಲಿ ಅಡ್ಡಬೀದಿಗಳು ಕಡಿದಾಗಿ ಇಳಿಯುತ್ತವೆ. ಕೆಲವು ಬರೀ ಮೆಟ್ಟಿಲುಗಳೇ. ಎರಡು ಪಕ್ಕದಲ್ಲೂ ಬಂದರು, ಬಲಕ್ಕೆ ಗ್ರ್ಯಾಂಡ್ ಹಾರ್ಬರ್, ಎಡಕ್ಕೆ ಮಾರ್ಸಮ್‌ಶೆಟ್.

ಹಾಗಾಗಿ ನಿಮ್ಮ ಅತ್ತೆಯವರ ಮಟ್ಟಿಗೆ ನಿಯಮ ಒಂದೇ. ಬೆನ್ನ ಮೇಲೆ ನಡೆಯಿರಿ, ಪಕ್ಕೆಗೆ ಇಳಿಯಬೇಡಿ. ಇಳಿಯಲೇಬೇಕು ಅಂದರೆ, ಹತ್ತುವುದಕ್ಕೆ ಲಿಫ್ಟೋ ಗಾಡಿಯೋ ಇರುವ ಕಡೆ ಮಾತ್ರ ಇಳಿಯಿರಿ.

ಇದು ನಾನು ತಪ್ಪು ಮಾಡಿ ಕಲಿತದ್ದು. ಮೊದಲ ಸಲ ಇಪ್ಪತ್ತೆರಡು ಜನರನ್ನು ಕರೆದುಕೊಂಡು ಹೋದಾಗ ಜುಲೈ ತಿಂಗಳು. ಬೆಳಿಗ್ಗೆಯ ಉತ್ಸಾಹದಲ್ಲಿ ಎಲ್ಲರನ್ನೂ ಸೊಂಡಿಲಿನ ತುದಿಯವರೆಗೆ ನಡೆಸಿಬಿಟ್ಟೆ. ಇಳಿಜಾರಲ್ವಾ, ಯಾರಿಗೂ ಆಯಾಸ ಗೊತ್ತಾಗಲಿಲ್ಲ. ವಾಪಸ್ ಬರುವಾಗ ನಡುಮಧ್ಯಾಹ್ನ. ಕಲ್ಲಿನ ಗೋಡೆ, ಕಲ್ಲಿನ ನೆಲ, ಎರಡೂ ಕಡೆಯಿಂದ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಹತ್ತಿರದ ದಾರಿ ಅಂತ ಸೇಂಟ್ ಉರ್ಸುಲಾ ಬೀದಿಯ ಮೆಟ್ಟಿಲು ಹಿಡಿದೆವು. ತೀರ್ಥಹಳ್ಳಿ ಕಡೆಯ ನಿವೃತ್ತ ಮೇಡಂ ಒಬ್ಬರು ಅರ್ಧ ದಾರಿಯಲ್ಲಿ ಕೂತುಬಿಟ್ಟರು. ‘ನೀವು ಹೋಗಿ ಬನ್ನಿ, ನಾನು ಇಲ್ಲೇ ಸುಮ್ನೆ ಕೂತಿರ್ತೀನಿ’ ಅಂದರು. ನನಗೆ ಜೀವವೇ ಬಾಯಿಗೆ ಬಂತು. ಇಬ್ಬರನ್ನು ಅವರ ಜೊತೆ ಬಿಟ್ಟು ನಾನು ನೀರು ತರಲು ಓಡಿದೆ.

ಬಂದು ನೋಡಿದರೆ ಅವರು ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದ ಮನೆಯವರು ಒಳಗಿಂದ ತಂದು ಹಾಕಿದ್ದರಂತೆ. ಅವರ ಕಣ್ಣು ಮೇಲೆ ನೆಟ್ಟಿತ್ತು. ಎದುರು ಮನೆಯ ಮೂರನೇ ಮಹಡಿಯಲ್ಲಿ ಹಸಿರು ಬಣ್ಣದ ಮರದ ಬಾಲ್ಕನಿ. ಅದರ ಕಿಟಕಿ ತೆರೆದು ಒಬ್ಬ ಅಜ್ಜಿ ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಕೆಳಗೆ ಬಿಡುತ್ತಿದ್ದರು. ಕೆಳಗೆ ನಿಂತಿದ್ದ ಹುಡುಗ ಬುಟ್ಟಿಯೊಳಗಿನ ಚಿಲ್ಲರೆ ತೆಗೆದುಕೊಂಡು ಎರಡು ಬ್ರೆಡ್ ಇಟ್ಟ. ಬುಟ್ಟಿ ಗೋಡೆಗೆ ತಾಗದ ಹಾಗೆ, ಬಾವಿಯಿಂದ ಕೊಡ ಸೇದುವ ಹಾಗೆ, ಕೈ ಮೇಲೆ ಕೈ ಹಾಕುತ್ತಾ ಅಜ್ಜಿ ಮೇಲೆ ಎಳೆದುಕೊಂಡರು. ಆಮೇಲೆ ನಮ್ಮ ಮೇಡಂ ಕಡೆ ನೋಡಿ ಕೈ ಆಡಿಸಿದರು. ಮೇಡಂ ಆ ಪ್ರವಾಸದಲ್ಲಿ ಎಷ್ಟೋ ಚರ್ಚು, ಕೋಟೆ ನೋಡಿದ್ದಾರೆ. ಇವತ್ತಿಗೂ ಫೋನ್ ಮಾಡಿದರೆ ಮಾತಾಡುವುದು ಆ ಬುಟ್ಟಿಯ ಬಗ್ಗೆ.

ಅವತ್ತಿನಿಂದ ನಾನು ಜಾಗಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿದ್ದೇನೆ. ಕೂರುವ ಹೊತ್ತನ್ನು ಎರಡರಷ್ಟು ಮಾಡಿದ್ದೇನೆ. ನಿಮಗೂ ಅದನ್ನೇ ಹೇಳುತ್ತೇನೆ. ಮ್ದಿನಾವನ್ನು ಈ ದಿನಕ್ಕೆ ಸೇರಿಸಬೇಡಿ. ಅದು ದ್ವೀಪದ ಒಳಗಿರುವ, ವಲೆಟ್ಟಾಕ್ಕೂ ಮೊದಲಿನ ರಾಜಧಾನಿ, ಗೋಡೆಯೊಳಗೆ ಮುನ್ನೂರು ಜನವೂ ವಾಸ ಇಲ್ಲದ ಊರು. ಅದಕ್ಕೆ ಇನ್ನೊಂದು ಅರ್ಧ ದಿನ ಕೊಡಿ, ಸಂಜೆ ಹೊತ್ತು ಹೋಗಿ.

ಹೊರಡುವ ಮೊದಲು ಮಕ್ಕಳಿಗೆ ಒಂದು ಕಥೆ ಹೇಳಿ. ಅದು ಗೊತ್ತಿದ್ದರೆ ಊರಿನ ಪ್ರತಿ ಕಲ್ಲೂ ಅರ್ಥವಾಗುತ್ತದೆ.

1565 ಅಂದ ಕೂಡಲೇ ನಮಗೆ ನೆನಪಾಗುವುದು ತಾಳಿಕೋಟೆ ಯುದ್ಧ. ಜನವರಿಯಲ್ಲಿ ಆ ಯುದ್ಧ, ಅದರ ಬೆನ್ನಿಗೇ ಹಂಪಿ ಹಾಳಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಒಟ್ಟೋಮನ್ ಸುಲ್ತಾನನ ನೌಕಾಪಡೆ ಮಾಲ್ಟಾಕ್ಕೆ ಬಂತು. ಆಗ ದ್ವೀಪ ಸೇಂಟ್ ಜಾನ್ ಪಂಥದ ನೈಟ್‌ಗಳ ಕೈಯಲ್ಲಿತ್ತು. ಇವರು ಯುದ್ಧ ಮಾಡುವ ಸನ್ಯಾಸಿಗಳು, ಆಸ್ಪತ್ರೆ ನಡೆಸುವುದೂ ಅವರ ವ್ರತ. ರೋಡ್ಸ್ ದ್ವೀಪವನ್ನು ಕಳೆದುಕೊಂಡಿದ್ದ ಅವರಿಗೆ 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮಾಲ್ಟಾವನ್ನು ಕೊಟ್ಟ. ಗೇಣಿ ಎಷ್ಟು ಗೊತ್ತಾ? ವರ್ಷಕ್ಕೆ ಒಂದು ಬೇಟೆ ಗಿಡುಗ. ಮಕ್ಕಳು ಇದನ್ನು ಮರೆಯುವುದಿಲ್ಲ.

ಆಗ ವಲೆಟ್ಟಾ ಇರಲೇ ಇಲ್ಲ. ಬಹಳ ಜನ ಇಲ್ಲೇ ತಪ್ಪು ತಿಳಿಯುತ್ತಾರೆ. ನೈಟ್‌ಗಳು ಇದ್ದದ್ದು ಬಂದರಿನ ಆಚೆ ದಡದ ಬಿರ್ಗು ಊರಿನಲ್ಲಿ. ಈಗ ವಲೆಟ್ಟಾ ಇರುವ ಜಾಗ ಆಗ ಬರೀ ಬೋಳುಗುಡ್ಡ, ತುದಿಯಲ್ಲಿ ಸೇಂಟ್ ಎಲ್ಮೋ ಕೋಟೆ ಮಾತ್ರ. ಆ ಸಣ್ಣ ಕೋಟೆ ಒಂದು ತಿಂಗಳ ಹತ್ತಿರ ಹತ್ತಿರ ತಡೆದುಕೊಂಡು, ಜೂನ್ 23ರಂದು ಬಿತ್ತು. ಆಮೇಲೆ ಒಟ್ಟೋಮನ್ ಸೈನ್ಯದವರು ಇದೇ ಗುಡ್ಡದ ಮೇಲೆ ಫಿರಂಗಿ ಇಟ್ಟು ಆಚೆ ದಡದ ಮೇಲೆ ಗುಂಡು ಸುರಿಸಿದರು. ಆದರೂ ಬಿರ್ಗು ಬೀಳಲಿಲ್ಲ. ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ಮುಗಿಯಿತು. ಇಂದಿಗೂ ಆ ದಿನ ಮಾಲ್ಟಾದಲ್ಲಿ ರಜೆ.

ಇನ್ನೊಮ್ಮೆ ಈ ಗುಡ್ಡದ ಮೇಲೆ ಶತ್ರುವಿನ ಫಿರಂಗಿ ಬರಬಾರದು. ಅದಕ್ಕೆ ಗುಡ್ಡವನ್ನೇ ಊರು ಮಾಡಿಬಿಟ್ಟರು. 1566ರ ಮಾರ್ಚ್ 28ರಂದು ಪಂಥದ ಮುಖ್ಯಸ್ಥ ಜಾನ್ ದ ವಲೆಟ್ ಅಡಿಗಲ್ಲು ಹಾಕಿದ. ಊರಿಗೆ ಅವನದೇ ಹೆಸರು. ಪೋಪ್ ಕಳಿಸಿಕೊಟ್ಟ ಎಂಜಿನಿಯರ್ ಫ್ರಾನ್ಚೆಸ್ಕೋ ಲಪರೆಲ್ಲಿ ಬೀದಿಗಳನ್ನು ಪಗಡೆಹಾಸಿನ ಹಾಗೆ ನೇರ ಎಳೆದ. ಗುಡ್ಡದ ನೆತ್ತಿಯನ್ನು ಕಡಿದು ಸಮ ಮಾಡಬೇಕು ಅನ್ನುವುದು ಅವನ ಯೋಜನೆ. ಶತ್ರು ಮತ್ತೆ ಬಂದಾನು ಅನ್ನುವ ಆತುರ, ದುಡ್ಡಿನ ಮುಗ್ಗಟ್ಟು. ಆ ಕೆಲಸ ಅರ್ಧಕ್ಕೇ ನಿಂತಿತು. ನಿಮ್ಮ ಅತ್ತೆಯ ಮೊಣಕಾಲಿಗೆ ಈಗ ತೊಂದರೆ ಕೊಡುವ ಮೆಟ್ಟಿಲುಗಳು ಆ ಆತುರದ ಗುರುತು.

ಇನ್ನು ದಿನದ ವಿಷಯ.

ಭಾನುವಾರ ಬೇಡ. ಸೇಂಟ್ ಜಾನ್ ಕೋ-ಕೆಥೆಡ್ರಲ್ ಭಾನುವಾರ ಪ್ರವಾಸಿಗರಿಗೆ ತೆರೆದಿರುವುದಿಲ್ಲ. ಅದನ್ನು ನೋಡದೆ ವಲೆಟ್ಟಾ ನೋಡಿದ ಹಾಗಲ್ಲ. ಹಡಗಿನ ಪ್ರವಾಸಿಗರು ಬರುವ ದಿನ ಜನ ಜಾಸ್ತಿ. ಹಾಗಾಗಿ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ.

ಬಸ್ ನಿಲ್ದಾಣ ಹೆಬ್ಬಾಗಿಲಿನ ಎದುರೇ ಇದೆ. ಟ್ರೈಟನ್ ಕಾರಂಜಿಯ ಹತ್ತಿರ ಎಲ್ಲರನ್ನೂ ಎಣಿಸಿಕೊಳ್ಳಿ. ಕೋಟೆಯ ಕಂದಕದ ಮೇಲಿನ ಸೇತುವೆ ದಾಟಿದರೆ ಊರು. ಬಾಗಿಲು ಅಂತ ಬಾಗಿಲೇನೂ ಇಲ್ಲ, ಗೋಡೆಯಲ್ಲಿ ಒಂದು ದೊಡ್ಡ ಸೀಳು. ಇಟಲಿಯ ವಾಸ್ತುಶಿಲ್ಪಿ ರೆನ್ಜೋ ಪಿಯಾನೋ ಮಾಡಿದ್ದು. ಪಕ್ಕದ ಸಂಸತ್ ಭವನವೂ ಅವರದೇ. ಅದರಾಚೆ ಕಂಬಗಳ ನಡುವೆ ಬಯಲು ರಂಗಮಂದಿರ. ಅದು 1942ರ ಬಾಂಬ್ ದಾಳಿಯಲ್ಲಿ ನೆಲಸಮವಾದ ಒಪೆರಾ ಹೌಸ್. ಅದನ್ನು ಮತ್ತೆ ಕಟ್ಟಲಿಲ್ಲ, ಮುರಿದ ಕಂಬಗಳನ್ನು ಹಾಗೇ ಉಳಿಸಿಕೊಂಡರು. ನನಗೆ ಅದು ಸರಿ ಅನ್ನಿಸುತ್ತದೆ. ಊರಿನ ಕೆಲವರಿಗೆ ಇಂದಿಗೂ ಸರಿ ಅನ್ನಿಸಿಲ್ಲ.

ಕೆಥೆಡ್ರಲ್ ಹೊರಗಿನಿಂದ ಬೋಳು ಬೋಳು, ಕೋಟೆಯ ಹಾಗೆ. ಒಳಗೆ ಕಾಲಿಟ್ಟರೆ ಒಂದು ಕ್ಷಣ ಮಾತು ನಿಲ್ಲುತ್ತದೆ. ಗೋಡೆಯ ತುಂಬ ಹೂವು, ಬಳ್ಳಿ, ಎಲ್ಲದಕ್ಕೂ ಚಿನ್ನದ ಲೇಪ. ಇವನ್ನು ಬೇರೆ ಮಾಡಿ ತಂದು ಅಂಟಿಸಿದ್ದಲ್ಲ, ಗೋಡೆಯ ಕಲ್ಲಿನಲ್ಲೇ ಕೆತ್ತಿದ್ದು. ಮಾಲ್ಟಾದ ಜೇನುಬಣ್ಣದ ಸುಣ್ಣಕಲ್ಲು ಅಷ್ಟು ಮೆದು. ಅಗೆದು ತೆಗೆದ ಹೊಸದರಲ್ಲಿ ಗರಗಸಕ್ಕೂ ಸಿಗುತ್ತದೆ, ಗಾಳಿಗೆ ಬಿಟ್ಟಮೇಲೆ ಮೇಲ್ಮೈ ಗಟ್ಟಿಯಾಗುತ್ತದೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲನ್ನು ನೋಡಿದ ನಮಗೆ ಇದು ಬೇಗ ಅರ್ಥವಾಗುತ್ತದೆ.

ಇಲ್ಲಿ ಎಲ್ಲರೂ ತಲೆ ಎತ್ತಿ ಚಾವಣಿ ನೋಡುತ್ತಾರೆ. ನೋಡಲಿ, 1660ರ ದಶಕದಲ್ಲಿ ಮತ್ತಿಯಾ ಪ್ರೇತಿ ಬರೆದ ಚಿತ್ರಗಳು ಅವು. ಆದರೆ ನೀವು ತಲೆ ಬಗ್ಗಿಸಿ ನೆಲ ನೋಡಿ. ಸುಮಾರು 400 ಸಮಾಧಿ ಕಲ್ಲುಗಳು, ಬಣ್ಣ ಬಣ್ಣದ ಅಮೃತಶಿಲೆಯನ್ನು ಕತ್ತರಿಸಿ ಕೂರಿಸಿದ್ದು. ಅಸ್ಥಿಪಂಜರ, ಮರಳುಗಡಿಯಾರ, ಕುಡುಗೋಲು, ಹಡಗು, ಕಿರೀಟ. ಪ್ರತಿಯೊಂದರ ಕೆಳಗೂ ಒಬ್ಬ ನೈಟ್. ಮಕ್ಕಳಿಗೆ ಒಂದು ಆಟ ಕೊಡಿ, ರೆಕ್ಕೆ ಇರುವ ಅಸ್ಥಿಪಂಜರ ಎಲ್ಲಿದೆ ಹುಡುಕಿ ಅಂತ. ಅರ್ಧ ಗಂಟೆ ಅವರ ಗಲಾಟೆ ಇರುವುದಿಲ್ಲ. ಈ ನೆಲ ಉಳಿಯಲಿ ಅಂತಲೇ ಚೂಪು ಹಿಮ್ಮಡಿಯ ಚಪ್ಪಲಿಯನ್ನು ಒಳಗೆ ಬಿಡುವುದಿಲ್ಲ. ಭುಜ ಮುಚ್ಚಿರಬೇಕು. ಸೀರೆ, ಚೂಡಿದಾರದವರಿಗೆ ಚಿಂತೆಯಿಲ್ಲ.

ಪಕ್ಕದ ಪ್ರಾರ್ಥನಾ ಮಂದಿರದಲ್ಲಿ ಕರವಾಜ್ಜೋ ಬರೆದ ಚಿತ್ರ ಇದೆ, ಸಂತ ಜಾನ್‌ನ ತಲೆ ಕಡಿಯುವ ದೃಶ್ಯ. ಮೂರೂವರೆ ಮೀಟರ್‌ಗಿಂತ ಎತ್ತರ, ಐದು ಮೀಟರ್‌ಗಿಂತ ಅಗಲ. ಇಲ್ಲಿ ನಿಮ್ಮ ಅತ್ತೆಯವರನ್ನು ಕೂರಿಸಿ, ನೀವೂ ಕೂರಿ. ಹತ್ತು ನಿಮಿಷ ಏನೂ ಮಾತಾಡಬೇಡಿ. ಚಿತ್ರದ ಅರ್ಧಕ್ಕರ್ಧ ಬರೀ ಕತ್ತಲೆ, ಖಾಲಿ ಗೋಡೆ. ಬಲಗಡೆ ಸರಳಿನ ಕಿಟಕಿಯಿಂದ ಇಬ್ಬರು ಕೈದಿಗಳು ಕತ್ತು ಚಾಚಿ ನೋಡುತ್ತಿದ್ದಾರೆ. ಕೊಲೆಗಾರ ಬೆನ್ನ ಹಿಂದಿನ ಚಾಕುವಿಗೆ ಕೈ ಹಾಕಿದ್ದಾನೆ. ಒಬ್ಬ ಮುದುಕಿ ಮಾತ್ರ ತಲೆಗೆ ಕೈಹೊತ್ತಿದ್ದಾಳೆ. ಕೆಳಗೆ ಹರಿದ ರಕ್ತದಲ್ಲಿ ಚಿತ್ರಕಾರ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ ಚಿತ್ರ ಅಂತ ಗೊತ್ತಿರುವುದು ಇದೊಂದೇ.

ಅವನ ಕಥೆಯನ್ನೂ ಅಲ್ಲೇ ಹೇಳಿ. ರೋಮ್‌ನಲ್ಲಿ ಕೊಲೆ ಮಾಡಿ ಓಡಿಬಂದವನು. 1608ರ ಜುಲೈನಲ್ಲಿ ನೈಟ್ ಆದ. ಕೆಲವೇ ವಾರಗಳಲ್ಲಿ ಹೊಡೆದಾಟದಲ್ಲಿ ಸಿಕ್ಕಿ ಜೈಲು ಸೇರಿದ. ಅಕ್ಟೋಬರ್‌ನಲ್ಲಿ ಅಲ್ಲಿಂದಲೂ ಪರಾರಿ. ಡಿಸೆಂಬರ್ ಒಂದರಂದು ಇದೇ ಕೋಣೆಯಲ್ಲಿ ಸಭೆ ಸೇರಿ ಅವನನ್ನು ಪಂಥದಿಂದ ಹೊರಹಾಕಿದರು. ತಾನು ಬರೆದ ಚಿತ್ರದ ಎದುರಲ್ಲೇ ಅವನ ಹೆಸರು ಹೊಡೆದುಹಾಕಿದರು.

ಗೈಡ್ ಬೇಕಾ ಅಂತ ಕೇಳಿದ್ದೀರಿ. ಬೆಳಗ್ಗೆಗೆ ಮಾತ್ರ ಬೇಕು. ಹೆಬ್ಬಾಗಿಲಿನಿಂದ ಕೆಥೆಡ್ರಲ್‌ವರೆಗೆ ಒಬ್ಬ ಒಳ್ಳೆಯ ಗೈಡ್ ಇದ್ದರೆ ಉಳಿದ ದಿನ ನೀವೇ ಊರನ್ನು ಓದಿಕೊಳ್ಳಬಹುದು. ಮಾಲ್ಟಾದಲ್ಲಿ ಗೈಡ್‌ಗಳಿಗೆ ಪ್ರವಾಸೋದ್ಯಮ ಪ್ರಾಧಿಕಾರದ ಲೈಸೆನ್ಸ್ ಇರಬೇಕು, ಬ್ಯಾಡ್ಜ್ ಹಾಕಿಕೊಂಡಿರುತ್ತಾರೆ. ಅದನ್ನು ನೋಡಿಯೇ ಗೊತ್ತುಮಾಡಿ. ಮಾಲ್ಟಾದಲ್ಲಿ ಇಂಗ್ಲಿಷ್ ಕೂಡ ಆಡಳಿತ ಭಾಷೆ, ಹಾಗಾಗಿ ತೊಂದರೆಯಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರಿಗೆ ನಿಮ್ಮಲ್ಲೇ ಒಬ್ಬರು ಕಿವಿಯ ಹತ್ತಿರ ಕನ್ನಡದಲ್ಲಿ ಹೇಳುತ್ತಿರಲಿ. ಈ ಕೆಲಸವನ್ನು ಮೊದಲೇ ಒಬ್ಬರಿಗೆ ವಹಿಸಿ. ಇಲ್ಲದಿದ್ದರೆ ಅವರು ಇಡೀ ದಿನ ಸುಮ್ನೆ ಹಿಂದೆ ಹಿಂದೆ ನಡೆದು ಬರುತ್ತಾರೆ, ಅಷ್ಟೇ.

ಹನ್ನೊಂದೂವರೆಗೆ ಕೆಥೆಡ್ರಲ್‌ನಿಂದ ಹೊರಟರೆ ಅಪ್ಪರ್ ಬರಾಕ್ಕಾ ತೋಟಕ್ಕೆ ನಿಧಾನ ನಡಿಗೆ. ಬೆನ್ನ ಮೇಲಿನ ದಾರಿಯೇ, ಅತ್ತೆಯವರು ಆರಾಮಾಗಿ ಬರಬಹುದು. ಕಮಾನುಗಳ ಕೆಳಗೆ ನೆರಳು ಇದೆ, ಬೆಂಚು ಇದೆ, ಶೌಚಾಲಯ ಇದೆ. ಗುಂಪು ಕರೆದೊಯ್ಯುವವರಿಗೆ ಈ ಕೊನೆಯದ್ದು ಬಂಗಾರ. ಕೆಳಗಿನ ಫಿರಂಗಿ ಸಾಲಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ತೋಪು ಹಾರಿಸುತ್ತಾರೆ. ಸಂಜೆ ನಾಲ್ಕಕ್ಕೆ ಇನ್ನೊಮ್ಮೆ. ಹಾಸನ, ಹುಬ್ಬಳ್ಳಿ, ಮೈಸೂರು, ಯಾವ ಊರಿನವರಾದರೂ ಒಮ್ಮೆ ಬೆಚ್ಚಿ ಬೀಳುವಷ್ಟು ಸದ್ದು. ಸಣ್ಣವರಿದ್ದರೆ ಕಿವಿ ಮುಚ್ಚಿಕೊಳ್ಳಲು ಮೊದಲೇ ಹೇಳಿ.

ತೋಪು ಮುಗಿದ ಮೇಲೂ ಹತ್ತು ನಿಮಿಷ ಅಲ್ಲೇ ನಿಂತು ಬಂದರು ನೋಡಿ. ಕೆಳಗೆ ಗ್ರ್ಯಾಂಡ್ ಹಾರ್ಬರ್, ಎದುರಿಗೆ ಬಿರ್ಗು, ಸೆಂಗ್ಲಿಯಾ, ಬೋರ್ಮ್ಲಾ, ಮೂರು ಹಳೆಯ ಊರುಗಳು. ಎರಡನೇ ಮಹಾಯುದ್ಧದಲ್ಲಿ ಈ ದ್ವೀಪಕ್ಕೆ ಅನ್ನ, ಎಣ್ಣೆ ಎರಡೂ ಮುಗಿಯುತ್ತಾ ಬಂದಿತ್ತು. 1942ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ದೊರೆ ಇಡೀ ದ್ವೀಪಕ್ಕೇ ಜಾರ್ಜ್ ಕ್ರಾಸ್ ಪದಕ ಕೊಟ್ಟ. ಅದು ಈಗಲೂ ಅವರ ಬಾವುಟದ ಮೂಲೆಯಲ್ಲಿದೆ. ಆಗಸ್ಟ್ 15ರಂದು ಒಹಾಯೋ ಅನ್ನುವ ಎಣ್ಣೆ ಹಡಗು ಇದೇ ಬಂದರಿನೊಳಗೆ ಬಂತು. ಬಾಂಬು ಬಿದ್ದು ಮುಳುಗುವ ಸ್ಥಿತಿ. ಎರಡು ಯುದ್ಧನೌಕೆಗಳು ಎರಡು ಪಕ್ಕದಿಂದ ಹೆಗಲು ಕೊಟ್ಟು, ಪೆಟ್ಟುಬಿದ್ದವನನ್ನು ಇಬ್ಬರು ಹಿಡಿದು ನಡೆಸುವ ಹಾಗೆ ತಂದವು. ದಡದಲ್ಲಿ ಜನ ಸೇರಿ ಕೂಗುತ್ತಿದ್ದರು.

ಇದೇ ಬಂದರಿಗೆ ನಮಗೂ ಒಂದು ನಂಟಿದೆ. 1878ರಲ್ಲಿ ಬ್ರಿಟಿಷರು ಭಾರತದಿಂದ ಸುಮಾರು 7,000 ಸೈನಿಕರನ್ನು ಸೂಯೆಜ್ ಕಾಲುವೆ ಮೂಲಕ ಮಾಲ್ಟಾಕ್ಕೆ ಕರೆತಂದರು. ರಷ್ಯಾವನ್ನು ಹೆದರಿಸುವುದು ಉದ್ದೇಶ. ಅವರಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಇದ್ದರು, ಬೆಂಗಳೂರಿನ ಹಲಸೂರು ಕೆರೆ ಪಕ್ಕ ನೆಲೆ ಇರುವ ಅದೇ ಪಡೆ. ಆ ಕಟ್ಟೆಯ ಮೇಲೆ ಕೈಯಿಟ್ಟು ನಿಂತಾಗ ನನಗೆ ಪ್ರತಿ ಸಲ ಅವರ ನೆನಪಾಗುತ್ತದೆ. ಸಮುದ್ರವನ್ನೇ ಕಾಣದ ಎಷ್ಟು ಜನ ಆ ಹಡಗು ಹತ್ತಿದ್ದರೋ.

ಊಟದ ಹೊತ್ತಿಗೆ ಗುಂಪನ್ನು ಒಡೆಯಿರಿ. ಹದಿನಾಲ್ಕು ಜನಕ್ಕೆ ಒಟ್ಟಿಗೆ ಜಾಗ ಹುಡುಕುತ್ತಾ ಹೋದರೆ ಒಂದು ಗಂಟೆ ಬೀದಿಯಲ್ಲೇ ಹೋಗುತ್ತದೆ. ಇಲ್ಲಿನ ಹೋಟೆಲುಗಳು ಪುಟ್ಟವು, ಎಷ್ಟೋ ಕಡೆ ಟೇಬಲ್‌ಗಳೇ ಹತ್ತು. ನಾಲ್ಕು ನಾಲ್ಕು ಜನರಂತೆ ಮಾಡಿ, ಉಳಿದ ಇಬ್ಬರನ್ನು ಎರಡು ಗುಂಪಿಗೆ ಹಂಚಿ. ಮನೆ ಮನೆಯಂತೆ ಒಡೆಯಬೇಡಿ. ನಡೆಯುವ ವೇಗ ನೋಡಿ ಒಡೆಯಿರಿ. ಪ್ರತಿ ಗುಂಪಿನಲ್ಲೂ ನೆಟ್ ಇರುವ ಒಂದು ಫೋನ್, ದುಡ್ಡು ಇಟ್ಟುಕೊಂಡ ಒಬ್ಬರು ಇರಲಿ. ಅತ್ತೆಯವರ ಗುಂಪಿನಲ್ಲಿ ಒಬ್ಬ ಡಾಕ್ಟರ್ ಇದ್ದರೆ ನಿಮಗೆ ನೆಮ್ಮದಿ.

ಸೇರುವ ಜಾಗ ರಾಷ್ಟ್ರೀಯ ಗ್ರಂಥಾಲಯದ ಎದುರಿನ ಚೌಕ. ಅಲ್ಲಿ ರಾಣಿ ವಿಕ್ಟೋರಿಯಾಳ ಬಿಳಿ ಪ್ರತಿಮೆ ಇದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನೋಡಿರುತ್ತೀರಲ್ಲ, ಅದೇ ರಾಣಿ. ಇಲ್ಲಿ ಅವಳ ಮೈಮೇಲೆ ಮಾಲ್ಟಾದ ಲೇಸ್ ಬಟ್ಟೆ ಕೆತ್ತಿದ್ದಾರೆ. ಯಾರಿಗೆ ಹೇಳಿದರೂ ದಾರಿ ತೋರಿಸುತ್ತಾರೆ, ಸುತ್ತ ಕಾಫಿ ಅಂಗಡಿಗಳಿವೆ. ಬೇಗ ಬಂದವರು ಕೂತಿರಬಹುದು.

ಸಸ್ಯಾಹಾರಿಗಳಿಗೆ ಎರಡು ಎಚ್ಚರಿಕೆ. ಪಸ್ತೀತ್ಸಿ ಅನ್ನುವ ಪದರು ಪದರಾದ ತಿಂಡಿ ಎಲ್ಲ ಕಡೆ ಸಿಗುತ್ತದೆ. ಒಳಗೆ ರಿಕೋಟಾ ಚೀಸ್ ಅಥವಾ ಬಟಾಣಿ. ಬಿಸಿಬಿಸಿ ಬಟಾಣಿಯದ್ದು ನಮ್ಮ ಬೇಕರಿಯ ವೆಜ್ ಪಫ್‌ಗೆ ಅಕ್ಕನ ಹಾಗೆ. ಆದರೆ ಕೆಲವು ಕಡೆ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ಟೊಮೆಟೊ, ಆಲಿವ್ ಎಣ್ಣೆ ಸವರಿದ ಅವರ ಬ್ರೆಡ್ ಬಹಳ ರುಚಿ. ಅದರಲ್ಲಿ ಟ್ಯೂನಾ ಮೀನು ಹಾಕುವುದು ವಾಡಿಕೆ, ಬೇಡ ಅಂತ ಮೊದಲೇ ಹೇಳಿ. ಬಿಗಿಲ್ಲಾ ಅನ್ನುವ ಕಾಳಿನ ಚಟ್ನಿ ಸಿಕ್ಕರೆ ಬಿಡಬೇಡಿ, ಬೆಳ್ಳುಳ್ಳಿ ಹಾಕಿ ಅರೆದಿರುತ್ತಾರೆ. ಖರ್ಜೂರದ ಹೂರಣ ತುಂಬಿ ಎಣ್ಣೆಯಲ್ಲಿ ಕರಿದ ಇಮ್ಅರೆಟ್ ಅನ್ನು ಅತ್ತೆಯವರಿಗೆ ಕೊಡಿಸಿ. ಕರ್ಜಿಕಾಯಿ ಮಾಡುವ ಕೈಯವರು ಅದರ ರುಚಿಯನ್ನು ಕೂಡಲೇ ಹಿಡಿಯುತ್ತಾರೆ.

ಊಟ ಆದಮೇಲೆ ಎರಡು ಗಂಟೆ ಯಾವ ಕಾರ್ಯಕ್ರಮವೂ ಬೇಡ. ಯುದ್ಧದ ಕಥೆ ಬೇಕಾದವರು ಸೇಂಟ್ ಎಲ್ಮೋ ಕೋಟೆಯ ಮ್ಯೂಸಿಯಂಗೆ ಇಳಿಯಲಿ, ಬರುವಾಗ ಬಸ್ಸೋ ಟ್ಯಾಕ್ಸಿಯೋ ಹಿಡಿಯಲಿ. ಕತ್ತಿ, ಕವಚ ಅಂದರೆ ಇಷ್ಟ ಅನ್ನುವವರಿಗೆ ಗ್ರ್ಯಾಂಡ್ ಮಾಸ್ಟರ್, ಅಂದರೆ ಪಂಥದ ಮುಖ್ಯಸ್ಥನ ಅರಮನೆಯ ಆಯುಧಶಾಲೆ, ಅದು ಬೆನ್ನ ಮೇಲೇ ಇದೆ. ನಿಮ್ಮ ಇಬ್ಬರು ಡಾಕ್ಟರ್‌ಗಳು ನೋಡಲೇಬೇಕಾದದ್ದು ಬೇರೆ. ಎಲ್ಮೋ ಕಡೆಗೆ ಹೋಗುವಾಗ ನೈಟ್‌ಗಳ ಹಳೆಯ ಆಸ್ಪತ್ರೆ ಸಿಗುತ್ತದೆ, ಸಾಕ್ರಾ ಇನ್ಫರ್ಮೆರಿಯಾ. 1574ರಲ್ಲಿ ಶುರುವಾದದ್ದು. ಅದರ ಒಂದೇ ವಾರ್ಡ್ 155 ಮೀಟರ್ ಉದ್ದ. ರೋಗಿಗಳಿಗೆ ಬೆಳ್ಳಿ ತಟ್ಟೆಯಲ್ಲಿ ಊಟ ಬಡಿಸುತ್ತಿದ್ದರು. ದೊಡ್ಡ ಮನೆತನದ ನೈಟ್‌ಗಳೇ ನಿಂತು ಬಡಿಸಬೇಕಿತ್ತು, ರೋಗಿ ಬಡವನಾದರೂ ಅವನನ್ನು ಒಡೆಯ ಅಂತಲೇ ಕಾಣಬೇಕಿತ್ತು. ಈಗ ಅದು ಸಮ್ಮೇಳನ ಭವನ. ಹಾಗಾಗಿ ಅವತ್ತು ಒಳಗೆ ಬಿಡುತ್ತಾರಾ ಅಂತ ಕೇಳಿಕೊಂಡು ಹೋಗಲಿ.

ಏನೂ ಬೇಡ ಅನ್ನುವವರು ಸುಮ್ನೆ ಬೀದಿ ನೋಡಲಿ. ಗಲ್ಲರಿಯಾ ಅಂತ ಕರೆಯುವ ಮುಚ್ಚಿದ ಮರದ ಬಾಲ್ಕನಿಗಳು, ಕೆಂಪು, ಹಸಿರು, ನೀಲಿ. ಮೂಲೆ ಮೂಲೆಯ ಗೋಡೆಯಲ್ಲಿ ಸಂತರ ಪ್ರತಿಮೆ. ಬಾಗಿಲಿಗೆ ಹಿತ್ತಾಳೆಯ ಡಾಲ್ಫಿನ್ ಆಕಾರದ ಹಿಡಿ. ಇನ್ನೊಂದು ವಿಷಯ ಕಣ್ಣಿಗೆ ಕಾಣುವುದಿಲ್ಲ, ಆದರೂ ಹೇಳುತ್ತೇನೆ. ಈ ದ್ವೀಪದಲ್ಲಿ ನದಿಯೇ ಇಲ್ಲ. ಊರು ಕಟ್ಟುವಾಗ ಪ್ರತಿ ಮನೆಯವರೂ ಮಳೆನೀರು ಹಿಡಿಯಲು ನೆಲದಡಿ ತೊಟ್ಟಿ ಮಾಡಲೇಬೇಕು ಅಂತ ಕಟ್ಟಳೆ ಇತ್ತು. ಮನೆ ಕಟ್ಟಲು ಕಲ್ಲು ತೆಗೆದ ಗುಂಡಿಯೇ ಎಷ್ಟೋ ಕಡೆ ತೊಟ್ಟಿಯಾಯಿತು. ನಮ್ಮ ಊರುಗಳಲ್ಲಿ ಮಳೆಕೊಯ್ಲಿನ ಮಾತು ಬಂದಾಗಲೆಲ್ಲ ನನಗೆ ಕಾಲಡಿಯ ಆ ತೊಟ್ಟಿಗಳು ನೆನಪಾಗುತ್ತವೆ.

ಕಿವಿಯನ್ನೂ ತೆರೆದಿಡಿ. ಮಾಲ್ಟೀಸ್ ಭಾಷೆ ಅರಬ್ಬಿಯ ಮನೆಯದು, ಬರೆಯುವುದು ಮಾತ್ರ ಇಂಗ್ಲಿಷ್‌ನಂಥ ಅಕ್ಷರದಲ್ಲಿ. ಪುಸ್ತಕಕ್ಕೆ ‘ಕ್ತೀಬ್’ ಅನ್ನುತ್ತಾರೆ. ಉರ್ದು ಗೊತ್ತಿರುವವರಿಗೆ ಕಿತಾಬ್ ನೆನಪಾಗುತ್ತದಲ್ವಾ? ವಲೆಟ್ಟಾವನ್ನು ಅವರು ಹೆಸರು ಹಿಡಿದು ಕರೆಯುವುದೇ ಕಡಿಮೆ, ‘ಇಲ್-ಬೆಲ್ಟ್’ ಅಂತಾರೆ, ಅಂದರೆ ಪೇಟೆ. ಮಾತು ಮಾತಿಗೆ ‘ಮೇಲಾ’ ಅನ್ನುತ್ತಾರೆ. ನಾವು ‘ಸರಿ, ಹಂಗಾದ್ರೆ’ ಅನ್ನುವ ಹಾಗೆ.

ಚಪ್ಪಲಿಯ ವಿಷಯ ಮರೆಯಬೇಡಿ. ನಾನೂರು ವರ್ಷ ಜನ ತುಳಿದ ಸುಣ್ಣಕಲ್ಲು ಕನ್ನಡಿಯಂತೆ ನುಣುಪಾಗಿದೆ. ಅಕ್ಟೋಬರ್‌ನಲ್ಲಿ ಹವೆ ಹಿತ, ಆದರೆ ಇದ್ದಕ್ಕಿದ್ದಂತೆ ಒಂದು ಮಳೆ ಬಂದರೂ ಬರಬಹುದು. ಒದ್ದೆಯಾದರೆ ಜಾರುತ್ತದೆ. ಅಡಿ ಸವೆದ ಚಪ್ಪಲಿ ಬೇಡ, ಹಿಡಿತ ಇರುವ ಶೂ ಇರಲಿ. ಅತ್ತೆಯವರಿಗೆ ಮಡಚುವ ಊರುಗೋಲು ಇಲ್ಲಿಂದಲೇ ಒಯ್ಯಿರಿ. ಬೇಡ ಅಂದರೂ ನಿಮ್ಮ ಬ್ಯಾಗಿನಲ್ಲಿರಲಿ.

ವೀಸಾ ಷೆಂಗೆನ್. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಹದಿನಾಲ್ಕು ಜನರದೂ ಬೇರೆ ಬೇರೆ ಅರ್ಜಿ, ತಡ ಮಾಡಬೇಡಿ. ಪ್ಲಗ್ ಬ್ರಿಟಿಷರ ಚೌಕ ಪಿನ್ನಿನದು. ಮಾಲ್ಟಾದ ಬೇರೆ ದಿನಗಳಲ್ಲಿ ಹೈಪೋಜಿಯಂ ಅನ್ನುವ ನೆಲದಡಿಯ ಪ್ರಾಚೀನ ಸಮಾಧಿ ನೋಡುವ ಆಸೆಯಿದ್ದರೆ, ಒಂದು ಸಲಕ್ಕೆ ಹತ್ತು ಜನರನ್ನು ಮಾತ್ರ ಬಿಡುತ್ತಾರೆ. ನೀವು ಎರಡು ತಂಡ ಆಗಲೇಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಖಾಲಿಯಾಗುತ್ತದೆ, ಈಗಲೇ ನೋಡಿ.

ಮೂರೂವರೆಗೆ ಎಲ್ಲರೂ ರಾಣಿಯ ಹತ್ತಿರ ಸೇರಿ, ಮತ್ತೆ ಅಪ್ಪರ್ ಬರಾಕ್ಕಾಗೆ ಬನ್ನಿ. ಅಲ್ಲಿ 58 ಮೀಟರ್ ಎತ್ತರದ ಲಿಫ್ಟ್ ಇದೆ. ಒಂದೇ ಸಲಕ್ಕೆ ನಿಮ್ಮನ್ನೆಲ್ಲ ಬಂದರಿನ ಮಟ್ಟಕ್ಕೆ ಇಳಿಸುತ್ತದೆ. ರಸ್ತೆ ದಾಟಿದರೆ ಫೆರ್ರಿ ಕಟ್ಟೆ, ಅಲ್ಲಿಂದ ಬೋರ್ಮ್ಲಾಕ್ಕೆ ಕೆಲವೇ ನಿಮಿಷ. ಅಲ್ಲೇ ದೈಸಾ ಅನ್ನುವ ಬಣ್ಣದ ಪುಟ್ಟ ದೋಣಿಗಳೂ ಸಿಗುತ್ತವೆ, ನೇರ ಬಿರ್ಗುವಿಗೆ ಬಿಡುತ್ತವೆ. ಮಕ್ಕಳಿಗೆ ಅದೇ ಖುಷಿ. ಆದರೆ ಹತ್ತಿ ಇಳಿಯುವಾಗ ದೋಣಿ ತೂಗುತ್ತದೆ, ಮೊಣಕಾಲು ನೋವಿನವರಿಗೆ ಫೆರ್ರಿಯೇ ಒಳ್ಳೆಯದು. ಇಳಿದ ಮೇಲೆ ಬಿರ್ಗುವಿನವರೆಗೆ ನೀರಿನ ಪಕ್ಕದ ಸಮತಟ್ಟು ದಾರಿ. ಅಲ್ಲಿ ಒಂದು ಕಾಫಿ ಕುಡಿದು, 1565ರಲ್ಲಿ ಮುತ್ತಿಗೆ ತಡೆದವರು ಬಂದರಿನಾಚೆಯ ಆ ಬೋಳುಗುಡ್ಡವನ್ನು ಎಲ್ಲಿಂದ ನೋಡುತ್ತಿದ್ದರು ಅಂತ ಮಕ್ಕಳಿಗೆ ತೋರಿಸಿ.

ಕೊನೆಯ ಫೆರ್ರಿಯ ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹೋಗುವಾಗಲೇ ಕಟ್ಟೆಯಲ್ಲಿ ಕೇಳಿಟ್ಟುಕೊಳ್ಳಿ. ಐದೂವರೆ ಸುಮಾರಿಗೆ ವಾಪಸ್ ಹೊರಡಿ. ಅತ್ತೆಯವರನ್ನು ದೋಣಿಯ ಬಲಬದಿಗೆ ಕೂರಿಸಿ. ಸಂಜೆ ಬಿಸಿಲು ಬಿರ್ಗುವಿನ ತುದಿಯ ಸೇಂಟ್ ಏಂಜಲೋ ಕೋಟೆಯ ಗೋಡೆ ಮೇಲೆ ಬೀಳುವುದು ಆ ಬದಿಯಿಂದ ಕಾಣುತ್ತದೆ.